ಸಮೀಕರಣದ ಸುತ್ತಲಿನ ಕನ್ನಡ: ಚಲಿಸುವ ತರಂಗದ ಬರಹವನ್ನು ಕುರಿತು ಒಂದು ವಿಮರ್ಶೆ

ಭೌತಶಾಸ್ತ್ರದ ಪಾಠವೊಂದನ್ನು ಕನ್ನಡಕ್ಕೆ ತರುವಾಗ ಅನುವಾದಕರು ಕೈ ಹಚ್ಚದೆ ಬಿಡುವ ಭಾಗವೆಂದರೆ ಸಮೀಕರಣ. ಅದರ ಮೇಲಿನ ವಾಕ್ಯ ಕನ್ನಡವಾಗುತ್ತದೆ, ಕೆಳಗಿನ ವಾಕ್ಯ ಕನ್ನಡವಾಗುತ್ತದೆ, ನಡುವೆ ಸಮೀಕರಣವು ಮೂಲದಲ್ಲಿದ್ದಂತೆಯೇ ಉಳಿಯುತ್ತದೆ. ಸಮೀಕರಣಕ್ಕೆ ಭಾಷೆಯಿಲ್ಲ, ಆದುದರಿಂದ ಅದನ್ನು ಅನುವಾದಿಸುವ ಅಗತ್ಯವೂ ಇಲ್ಲ ಎಂಬುದು ಇದರ ಹಿಂದಿನ ನಂಬಿಕೆ. ಸಂಕೇತಗಳ ಮಟ್ಟಿಗೆ ಈ ನಂಬಿಕೆ ಸರಿಯಿರಬಹುದು. ಆದರೆ ಪುಟದ ಮೇಲಿನ ಸಮೀಕರಣವು ಎಲ್ಲಿಯೂ ಒಂಟಿಯಾಗಿ ನಿಲ್ಲುವುದಿಲ್ಲ. ಅದನ್ನು ಯಾರೋ ಓದಿ ಹೇಳಬೇಕು, ಯಾವುದೋ ವಾಕ್ಯದೊಳಗೆ ಅದು ಕೂರಬೇಕು, ಅದರ ಭಾಗಗಳಿಗೆ ವಿಭಕ್ತಿ ಹತ್ತಬೇಕು. ಈ ಮೂರೂ ಕಡೆ ಅದು ಭಾಷೆಯ ಕೈಗೆ ಸಿಕ್ಕಿಬೀಳುತ್ತದೆ. ಕನ್ನಡದ ವಿಜ್ಞಾನ ಬರಹವು ಈ ಸಂಗತಿಯನ್ನು ಗಮನಿಸದೆ ಬಿಟ್ಟದ್ದರಿಂದ ಏನನ್ನು ಕಳೆದುಕೊಂಡಿದೆ ಎಂಬುದನ್ನು ಒಂದೇ ಒಂದು ಸಮೀಕರಣವನ್ನು ಹಿಡಿದು ನಾವು ಇಲ್ಲಿ ಪರಿಶೀಲಿಸುತ್ತೇವೆ.

ನಾವು ಆಯ್ದುಕೊಂಡಿರುವುದು ಚಲಿಸುವ ತರಂಗದ ಸಮೀಕರಣ. ನಮ್ಮ ವಿಷಯವು ಸಮೀಕರಣವನ್ನು ಓದಿ ಹೇಳುವ ಬಗೆಯಾದುದರಿಂದ ಅದರ ರೋಮನ್ ಮತ್ತು ಗ್ರೀಕ್ ಅಕ್ಷರಗಳನ್ನು ಅವುಗಳ ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಡುತ್ತೇವೆ:

ವೈ = ಎ ಸೈನ್ (ಕೆ ಎಕ್ಸ್ − ಒಮೆಗಾ ಟಿ)

ಇಲ್ಲಿ ವೈ ಎಂದರೆ ಮಾಧ್ಯಮದ ಕಣದ ಸ್ಥಾನಪಲ್ಲಟ. ಎಕ್ಸ್ ಜಾಗವನ್ನೂ ಟಿ ಕಾಲವನ್ನೂ ಸೂಚಿಸುತ್ತವೆ. ಎ ತರಂಗದ ಪಾರ. ಕೆ ಎಂಬುದು ಎರಡು ಪೈಯನ್ನು ತರಂಗಾಂತರದಿಂದ ಭಾಗಿಸಿದರೆ ಬರುವ ಸಂಖ್ಯೆ. ಒಮೆಗಾ ಎಂಬುದು ಎರಡು ಪೈಯನ್ನು ಆವರ್ತಕಾಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಒಮೆಗಾವನ್ನು ಕೆಯಿಂದ ಭಾಗಿಸಿದರೆ ತರಂಗದ ಜವ ದೊರೆಯುತ್ತದೆ. ಅದನ್ನು ವಿ ಎನ್ನೋಣ. ಪದವಿಪೂರ್ವ ಹಂತದ ವಿದ್ಯಾರ್ಥಿಗೆ ಇದು ಹೊಸ ಬಗೆಯ ಸಮೀಕರಣ. ಅಲ್ಲಿಯವರೆಗಿನ ಸೂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಚರ ಬದಲಾದಂತೆ ಇನ್ನೊಂದು ಬದಲಾಗುತ್ತಿತ್ತು. ಇಲ್ಲಿ ಜಾಗ ಮತ್ತು ಕಾಲ ಎರಡೂ ಒಟ್ಟಿಗೆ ಬದಲಾಗುತ್ತವೆ. ಜೊತೆಗೆ, ಮುಂದಕ್ಕೆ ಹೋಗುವ ತರಂಗಕ್ಕೆ ಋಣಚಿಹ್ನೆ ಬರುತ್ತದೆ. ಈ ಎರಡು ತೊಡಕುಗಳನ್ನು ಬಿಡಿಸುವುದು ಸಮೀಕರಣದ ಸುತ್ತಲಿನ ವಾಕ್ಯಗಳ ಕೆಲಸ.

ಪದಗಳ ಚರ್ಚೆ

ಕನ್ನಡದಲ್ಲಿ ವಿಜ್ಞಾನ ಬರಹದ ಕುರಿತ ಚರ್ಚೆ ಬಹುಕಾಲದಿಂದ ಪದಗಳ ಚರ್ಚೆಯಾಗಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ ಕಾಲದಿಂದ ಇಂದಿನವರೆಗೆ ಮತ್ತೆ ಮತ್ತೆ ಎದ್ದಿರುವ ಪ್ರಶ್ನೆ ಒಂದೇ: ಈ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು? ತರಂಗವೋ ಅಲೆಯೋ, ತರಂಗಾಂತರವೋ ಅಲೆಯುದ್ದವೋ, ಪ್ರಗಾಮಿ ತರಂಗವೋ ಮುನ್ನಡೆಯುವ ಅಲೆಯೋ ಎಂಬ ಆಯ್ಕೆಗಳು ಸಂಸ್ಕೃತಮೂಲ ಮತ್ತು ದ್ರಾವಿಡಮೂಲ ಎಂಬ ಎರಡು ಬಣಗಳಲ್ಲಿ ಹಂಚಿಕೊಂಡಿವೆ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದರು. ಅವರ ವಾದದ ಬಲವಿದ್ದದ್ದು ವಾಕ್ಯರಚನೆಯ ವಿಶ್ಲೇಷಣೆಯಲ್ಲಿ. ಸಾರ್ವಜನಿಕ ಚರ್ಚೆ ಮಾತ್ರ ಅವರಿಂದ ಎತ್ತಿಕೊಂಡದ್ದು ಹೆಚ್ಚಾಗಿ ಪದಗಳನ್ನೂ ಮಹಾಪ್ರಾಣಗಳ ಪ್ರಶ್ನೆಯನ್ನೂ. ಅದೊಂದು ದುರದೃಷ್ಟದ ಸಂಗತಿ ಎಂದೇ ನಮ್ಮ ಅಭಿಪ್ರಾಯ.

ಪದಗಳ ವಿಷಯದಲ್ಲಿ ನಮಗೆ ಹೆಚ್ಚಿನ ತಕರಾರಿಲ್ಲ. ‘ಪಾರ’ ಎಂಬ ಮಾತು ಸೊಗಸಾದ ಆಯ್ಕೆ. ತೂಗಾಡುವ ಕಣವು ಹೋಗಿ ಮುಟ್ಟುವ ಆಚೆಯ ದಡವನ್ನು ಅದು ನೆನಪಿಸುತ್ತದೆ. ಜವ ಮತ್ತು ವೇಗಗಳ ನಡುವಿನ ಪಾರಿಭಾಷಿಕ ವ್ಯತ್ಯಾಸವನ್ನು ಶಾಲೆಯ ಪುಸ್ತಕಗಳು ನೆಲೆಗೊಳಿಸಿವೆ. ಒಂದು ಪದವನ್ನು ಮಾತ್ರ ಇಲ್ಲಿ ಎತ್ತಿ ತೋರಿಸಬೇಕು. ಗಣಿತದಲ್ಲಿ ಫಲನ ಎಂದೂ ಉತ್ಪನ್ನ ಎಂದೂ ಕರೆಯುವ ಪರಿಕಲ್ಪನೆ ಈ ಸಮೀಕರಣದ ಮೊದಲ ವಾಕ್ಯದಲ್ಲೇ ಬರುತ್ತದೆ: ‘ವೈಯು ಎಕ್ಸ್ ಮತ್ತು ಟಿಗಳ ಉತ್ಪನ್ನವಾಗಿದೆ.’ ಕಾರ್ಖಾನೆಯ ಉತ್ಪನ್ನವನ್ನು ಬಲ್ಲ, ಅದಕ್ಕೆ ಸಮನಾದ ಇಂಗ್ಲಿಷ್ ಮಾತನ್ನೂ ಬಲ್ಲ ವಿದ್ಯಾರ್ಥಿ ಈ ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ಹಿಂದಿರುಗಿಸಿದರೆ ಅವನಿಗೆ ಸಿಗುವುದು ಎಕ್ಸ್ ಮತ್ತು ಟಿಗಳ ಗುಣಲಬ್ಧ. ಹಾಗೆ ಹಿಂದಿರುಗಿಸುವ ಅಭ್ಯಾಸ ದ್ವಿಭಾಷಿಕ ತರಗತಿಯಲ್ಲಿ ಸಹಜವಾದದ್ದು. ಅದನ್ನು ವಿದ್ಯಾರ್ಥಿಯ ತಪ್ಪೆಂದು ತಳ್ಳಿಹಾಕಲಾಗದು. ಆದರೆ ಇಲ್ಲಿಯೂ ಪದವನ್ನು ಬದಲಿಸಿದ ಮಾತ್ರಕ್ಕೆ ಪರಿಹಾರ ಪೂರ್ತಿಯಾಗುವುದಿಲ್ಲ. ‘ಎಲ್ಲಿ, ಯಾವಾಗ ಎಂದು ಹೇಳಿದರೆ ಎಷ್ಟು ಎಂದು ತಿಳಿಯುತ್ತದೆ’ ಎಂಬ ವಾಕ್ಯದಲ್ಲಿ ಪಾರಿಭಾಷಿಕ ಪದ ಒಂದೂ ಇಲ್ಲ. ಆದರೂ ಎರಡು ಚರಗಳ ಮೇಲೆ ಒಂದು ಬೆಲೆ ನಿಂತಿದೆ ಎಂಬ ಸಂಬಂಧವನ್ನು ಅದರ ಮೂರು ಪ್ರಶ್ನಾರ್ಥಕಗಳು ಪೂರ್ಣವಾಗಿ ಹೇಳಿಬಿಡುತ್ತವೆ.

ಸಂಕೇತಗಳ ಬಗ್ಗೆ ನೀತಿಯೊಂದು ಅಸ್ತಿತ್ವದಲ್ಲಿದೆ. 1961ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ತತ್ತ್ವಗಳ ಪ್ರಕಾರ, ರೇಖಾಗಣಿತದ ಆಕೃತಿಗಳಿಗೆ ಭಾರತೀಯ ಲಿಪಿಯ ಅಕ್ಷರಗಳನ್ನು ಬಳಸಬಹುದು; ತ್ರಿಕೋನಮಿತಿಯ ಸಂಬಂಧಗಳಲ್ಲಿ ರೋಮನ್ ಮತ್ತು ಗ್ರೀಕ್ ಅಕ್ಷರಗಳನ್ನೇ ಬಳಸಬೇಕು. ನಮ್ಮ ಸಮೀಕರಣದಲ್ಲಿ ಸೈನ್ ಇರುವುದರಿಂದ ಅದು ಎರಡನೆಯ ವರ್ಗಕ್ಕೆ ಸೇರುತ್ತದೆ. ಈ ನಿಯಮ ವಿವೇಕಯುತವಾದದ್ದು; ಅದನ್ನು ಬದಲಿಸಬೇಕೆಂದು ನಾವು ಕೇಳುತ್ತಿಲ್ಲ. ಆದರೆ ಸಂಕೇತದ ಲಿಪಿಯನ್ನು ನಿರ್ಧರಿಸಿದ ಕೂಡಲೇ ಸಂಕೇತದ ಭಾಷೆಯ ಪ್ರಶ್ನೆಯೂ ಮುಗಿಯಿತು ಎಂಬ ಭಾವನೆ ಅದರಿಂದ ಹುಟ್ಟಿಕೊಂಡಿದ್ದರೆ, ಅದನ್ನು ಪ್ರಶ್ನಿಸಬೇಕಾಗುತ್ತದೆ.

ಈ ಪ್ರಶ್ನೆ ಈಗ ಸಂಶೋಧಕರಿಗಷ್ಟೇ ಸಂಬಂಧಿಸಿದ್ದಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲಿಯೂ ಇದೆ. ಜೆಇಇ ಮೇನ್ 2021ರಿಂದ ಇದೆ. ತರಂಗಗಳ ಪಾಠ ಇಂಥ ಪರೀಕ್ಷೆಗಳ ಭೌತಶಾಸ್ತ್ರದಲ್ಲಿ ಬರುವಂಥದ್ದು. ನೀಟ್‌ನ ನಿಯಮದಂತೆ ಅನುವಾದದಲ್ಲಿ ಸಂದಿಗ್ಧತೆ ಕಂಡುಬಂದರೆ ಇಂಗ್ಲಿಷ್ ಪಠ್ಯವೇ ಅಂತಿಮ. ಭಾಷಾವಿಜ್ಞಾನದ ದೃಷ್ಟಿಯಿಂದ ಇದು ವಿಚಿತ್ರ ಸ್ಥಿತಿ: ವಿದ್ಯಾರ್ಥಿ ಓದಿ ಉತ್ತರಿಸುವ ಪಠ್ಯಕ್ಕೆ ಪ್ರಮಾಣವಿಲ್ಲ, ಪ್ರಮಾಣವಿರುವ ಪಠ್ಯವನ್ನು ಅವನು ಓದಲೆಂದು ಕನ್ನಡವನ್ನು ಆರಿಸಿಕೊಂಡಿಲ್ಲ. ಇಂಥ ಪಠ್ಯವನ್ನು ಬರೆಯುವವರಿಗೆ ಮೂಲದ ವಾಕ್ಯದ ನೆರಳಿನಿಂದ ಹೊರಬರುವ ಧೈರ್ಯ ಹೇಗೆ ಬಂದೀತು? ಇಂಗ್ಲಿಷಿಗೆ ಹತ್ತಿರವಿದ್ದಷ್ಟೂ ಕ್ಷೇಮ ಎಂಬುದೇ ಅಲ್ಲಿ ಶೈಲಿಯ ಸೂತ್ರವಾಗುವುದು ಸಹಜ.

ಸಂಕೇತಕ್ಕೆ ಹತ್ತುವ ಪ್ರತ್ಯಯ

ಸಂಕೇತವು ಭಾಷೆಗೆ ಹೊರತಾದದ್ದು ಎಂಬ ನಂಬಿಕೆಯನ್ನು ಕನ್ನಡದ ಪುಟವೇ ಅಲ್ಲಗಳೆಯುತ್ತದೆ. ರೋಮನ್ ಅಕ್ಷರದ ಪಕ್ಕದಲ್ಲಿ ಕನ್ನಡ ಪ್ರತ್ಯಯ ಅಚ್ಚಾಗುವುದನ್ನು ಗಮನಿಸಿದರೆ ಇದು ತಿಳಿಯುತ್ತದೆ. ಟಿಯ ಮುಂದೆ ‘ಯನ್ನು’ ಬರುತ್ತದೆ, ಒಮೆಗಾದ ಮುಂದೆ ‘ವನ್ನು’ ಬರುತ್ತದೆ, ಎಕ್ಸ್‌ನ ಮುಂದೆ ‘ಅನ್ನು’ ಬರುತ್ತದೆ. ಷಷ್ಠಿಯಲ್ಲಿ ಕ್ರಮವಾಗಿ ‘ಯ’, ‘ದ’ ಮತ್ತು ‘ನ’. ಯಕಾರಾಗಮ ವಕಾರಾಗಮಗಳು ಕಣ್ಣಿಗೆ ಕಾಣುವ ಗುರುತನ್ನು ನೋಡಿ ಬರುವುದಿಲ್ಲ. ನಾಲಿಗೆಯ ಮೇಲಿನ ಕೊನೆಯ ಸ್ವರವನ್ನು ನೋಡಿ ಬರುತ್ತವೆ. ಅಂದರೆ ಪ್ರತ್ಯಯವನ್ನು ಅಚ್ಚು ಮಾಡಿದ ಕ್ಷಣದಲ್ಲೇ ಆ ಗುರುತನ್ನು ‘ಟಿ’ ಎಂದೇ ಓದಬೇಕು, ‘ಕಾಲ’ ಎಂದು ಓದಬಾರದು ಎಂಬ ಆಜ್ಞೆಯನ್ನೂ ಲೇಖಕರು ಕೊಟ್ಟಂತಾಯಿತು. ‘ಕಾಲ’ ಎಂದು ಓದುವವರಿಗೆ ‘ಯನ್ನು’ ಕಿವಿಗೆ ಹೊಂದುವುದಿಲ್ಲ. ಹೀಗೆ ಕನ್ನಡದ ಪುಟದಲ್ಲಿ ಸಂಕೇತವು ನಾಮಪದ. ಅದಕ್ಕೆ ಉಚ್ಚಾರಣೆಯಿದೆ, ಅಂತ್ಯಸ್ವರವಿದೆ, ವಿಭಕ್ತಿಯಿದೆ.

ಇಡೀ ಆವರಣಕ್ಕೆ ವಿಭಕ್ತಿ ಹತ್ತಿದಾಗ ವಿಷಯ ಇನ್ನೂ ಕುತೂಹಲಕರವಾಗುತ್ತದೆ. ‘(ಕೆ ಎಕ್ಸ್ − ಒಮೆಗಾ ಟಿ)ಯ ಬೆಲೆ’ ಎಂದಾಗ ‘ಯ’ ಪ್ರತ್ಯಯದ ರೂಪವನ್ನು ನಿರ್ಧರಿಸಿದ್ದು ಕೊನೆಯಲ್ಲಿ ಉಚ್ಚರಿಸಿದ ಟಿ. ಅರ್ಥದಲ್ಲಿ ಅದು ಅಂಟಿದ್ದು ಇಡೀ ಆವರಣಕ್ಕೆ. ಪದಪುಂಜದ ಅಂಚಿಗೆ ಅಂಟುವ ಈ ಗುಣ ಕನ್ನಡ ವಿಭಕ್ತಿಗೆ ಹೊಸದೇನಲ್ಲ. ‘ರಾಮ, ಭೀಮ ಮತ್ತು ಸೋಮನ ಮನೆ’ ಎಂಬಲ್ಲಿಯೂ ಅದೇ ಇದೆ. ಆದರೆ ಬರಹದಲ್ಲಿ ಆವರಣಚಿಹ್ನೆ ಮಾಡುವ ಕೆಲಸವನ್ನು ಮಾತಿನಲ್ಲಿ ಮಾಡುವವರು ಯಾರು? ‘ಎ ಸೈನ್ ಕೆ ಎಕ್ಸ್ ಮೈನಸ್ ಒಮೆಗಾ ಟಿ’ ಎಂದು ಎಡದಿಂದ ಬಲಕ್ಕೆ ಓದಿದಾಗ ಸೈನ್‌ನ ವ್ಯಾಪ್ತಿ ಎಲ್ಲಿಗೆ ಮುಗಿಯಿತು ಎಂಬುದು ಕಿವಿಗೆ ತಿಳಿಯುವುದಿಲ್ಲ. ಕೆ ಎಕ್ಸ್‌ನ ಸೈನ್ ಹಿಡಿದು, ಅದರಿಂದ ಒಮೆಗಾ ಟಿಯನ್ನು ಕಳೆಯಬೇಕೆಂದೂ ಅದನ್ನು ಕೇಳಿಸಿಕೊಳ್ಳಬಹುದು.

ಇದೇ ಸಮೀಕರಣವನ್ನು ಕನ್ನಡ ವಾಕ್ಯವಾಗಿ ಹೇಳಿ ನೋಡೋಣ: ‘ಕೆ ಎಕ್ಸ್‌ನಿಂದ ಒಮೆಗಾ ಟಿಯನ್ನು ಕಳೆದು, ಬಂದ ಕೋನದ ಸೈನ್ ಹಿಡಿದು, ಅದನ್ನು ಎಯಿಂದ ಗುಣಿಸಿದರೆ ವೈ.’ ಇಲ್ಲಿ ಸಂದಿಗ್ಧತೆಯಿಲ್ಲ. ಕನ್ನಡವು ಶೀರ್ಷಾಂತ್ಯ ಭಾಷೆ. ಕ್ರಿಯೆಯ ಮೊದಲು ಕರ್ಮ, ವಿಶೇಷ್ಯದ ಮೊದಲು ವಿಶೇಷಣ, ಸಂಬಂಧಿಯ ಮೊದಲು ಷಷ್ಠಿ. ಆದುದರಿಂದ ಯಾವುದರ ಮೇಲೆ ಕ್ರಿಯೆ ನಡೆಯಬೇಕೋ ಅದು ಮೊದಲು ಬಂದು, ಕ್ರಿಯೆ ಬಳಿಕ ಬರುತ್ತದೆ. ‘ಕಳೆದು’, ‘ಹಿಡಿದು’ ಎಂಬ ಕೃದಂತಾವ್ಯಯಗಳು ಒಂದೊಂದೂ ಒಂದೊಂದು ಆವರಣವನ್ನು ಮುಚ್ಚುತ್ತವೆ. ಲೆಕ್ಕ ಮಾಡುವ ಕ್ರಮವೂ ಅದೇ, ಒಳಗಿನ ಆವರಣ ಮೊದಲು. ಯಾನ್ ಲುಕಾಸಿಯೆವಿಚ್ 1924ರಲ್ಲಿ ಆವರಣಗಳ ಅಗತ್ಯವೇ ಇಲ್ಲದ ಸಂಕೇತ ಪದ್ಧತಿಯೊಂದನ್ನು ರೂಪಿಸಿದರು. ಅದನ್ನು ತಿರುಗಿಸಿ ಕ್ರಿಯಾಚಿಹ್ನೆಯನ್ನು ಕೊನೆಗೆ ತಂದ ರೂಪವನ್ನು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯು 1972ರ ತನ್ನ ಎಚ್‌ಪಿ-35 ಕ್ಯಾಲ್ಕುಲೇಟರಿನಲ್ಲಿ ಬಳಸಿತು. ಕನ್ನಡ ವಾಕ್ಯದ ಓಟವು ಈ ಎರಡನೆಯ ರೂಪದ ಓಟ.

ಇದಕ್ಕೆ ಮಿತಿಯೂ ಇದೆ. ಆವರಣದೊಳಗೆ ಆವರಣವಾಗಿ ನಾಲ್ಕೈದು ಮಟ್ಟ ಬಂದರೆ ಕೃದಂತಗಳ ಸರಪಳಿ ನೆನಪಿಗೆ ಭಾರವಾಗುತ್ತದೆ. ಸಂಕೇತಗಳು ಹುಟ್ಟಿದ್ದೇ ಆ ಭಾರವನ್ನು ಇಳಿಸಲು. ಸಮೀಕರಣವನ್ನು ಬಿಟ್ಟು ವಾಕ್ಯವನ್ನೇ ಬರೆಯಿರಿ ಎಂಬುದು ನಮ್ಮ ಮಾತಲ್ಲ. ಸಮೀಕರಣವನ್ನು ಮೊದಲ ಬಾರಿ ಪರಿಚಯಿಸುವಾಗ ಅದರ ಪಕ್ಕದಲ್ಲಿ ಹೀಗೆ ಓದಬಹುದಾದ ಒಂದು ವಾಕ್ಯವಿರಲಿ ಎಂಬುದಷ್ಟೇ. ಅಂದಹಾಗೆ, ನಮ್ಮ ತರಗತಿಗಳ ಇಂಗ್ಲಿಷಿನಲ್ಲಿ ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಎಂದು ಆವರಣವನ್ನು ಕೊನೆಯಲ್ಲಿ ಮುಚ್ಚುವ ರೂಢಿ ಬೇರೂರಿದೆಯಷ್ಟೆ. ಆ ಪ್ರಯೋಗ ಇಂಗ್ಲಿಷಿಗೆ ಅಪರಿಚಿತವಲ್ಲ. ಆದರೆ ಅದು ಇಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲಲು ನಮ್ಮ ಭಾಷೆಗಳ ಶೀರ್ಷಾಂತ್ಯ ಕ್ರಮವೇ ಒತ್ತಾಸೆಯಾಗಿರಬಹುದೆಂದು ನಮಗೆ ತೋರುತ್ತದೆ.

ಸಮತೆಯ ಚಿಹ್ನೆಯ ವಿಷಯವೂ ಹೀಗೆಯೇ. ಪಠ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ಜಾಡಿನಲ್ಲಿ ನಾವೇ ಕಟ್ಟಿದ ಒಂದು ಮಾದರಿ ಇದು: ‘ಇಲ್ಲಿ ಎ ಯು ತರಂಗದ ಪಾರ ಆಗಿದೆ, ಕೆ ಯು ಕೋನೀಯ ತರಂಗ ಸಂಖ್ಯೆ ಆಗಿದೆ ಮತ್ತು ಒಮೆಗಾ ವು ಕೋನೀಯ ಆವೃತ್ತಿ ಆಗಿದೆ.’ ಕನ್ನಡದಲ್ಲಿ ‘ಅವನು ನನ್ನ ತಮ್ಮ’ ಎಂಬುದು ಪೂರ್ಣ ವಾಕ್ಯ. ನಾಮಪದಗಳನ್ನು ಸಮೀಕರಿಸಲು ಕ್ರಿಯಾಪದ ಬೇಡ. ಮಗ್ಗಿಯಲ್ಲಿ ‘ಎರಡೆರಡ್ಲ ನಾಲ್ಕು’ ಎಂದು ಮಕ್ಕಳು ಒಪ್ಪಿಸುವಾಗ ಸಮತೆಯನ್ನು ಸೂಚಿಸುವ ಮಾತೇ ಇರುವುದಿಲ್ಲ. ಭಾಸ್ಕರಾಚಾರ್ಯರ ಬೀಜಗಣಿತದ ಬರಹದಲ್ಲಿಯೂ ಅವ್ಯಕ್ತಕ್ಕೆ ‘ಯಾ’, ವ್ಯಕ್ತಸಂಖ್ಯೆಗೆ ‘ರೂ’, ಋಣಕ್ಕೆ ಅಂಕಿಯ ಮೇಲೊಂದು ಚುಕ್ಕೆ ಇದ್ದವು. ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಇಟ್ಟರೆ ಸಾಕಿತ್ತು. ರಾಬರ್ಟ್ ರೆಕಾರ್ಡ್ ಎರಡು ಸಮಾಂತರ ಗೆರೆಗಳ ಚಿಹ್ನೆಯನ್ನು ಅಚ್ಚಿಗೆ ತಂದದ್ದು 1557ರಲ್ಲಿ, ಭಾಸ್ಕರರ ನಂತರ ನಾಲ್ಕು ಶತಮಾನ ಕಳೆದ ಮೇಲೆ.

‘ಆಗಿದೆ’ಯ ತೊಂದರೆ ಬರಿಯ ಸೊಗಸಿನದಲ್ಲ. ಕನ್ನಡದಲ್ಲಿ ಅದು ‘ಆಗು’ ಧಾತುವಿನ ಪೂರ್ಣ ರೂಪ. ಹಿಂದೆ ಹಾಗಿರಲಿಲ್ಲ, ಈಗ ಹಾಗಾಯಿತು ಎಂಬ ಧ್ವನಿ ಅದರಲ್ಲಿದೆ. ವ್ಯಾಖ್ಯೆಯನ್ನು ಹೇಳಲು ‘ಎಂದರೆ’ ಇದೆ, ಅಳೆದ ಬೆಲೆಯನ್ನು ಹೇಳಲು ‘ಇದೆ’ ಇದೆ, ಷರತ್ತಿಗೆ ‘ಆದರೆ’ ಇದೆ. ಎಲ್ಲಕ್ಕೂ ‘ಆಗಿದೆ’ಯನ್ನೇ ಹಾಕಿದಾಗ ವ್ಯಾಖ್ಯೆ ಯಾವುದು, ಅಳತೆ ಯಾವುದು, ಷರತ್ತು ಯಾವುದು ಎಂಬ ಭೇದ ಅಳಿಸಿಹೋಗುತ್ತದೆ. ಸಮೀಕರಣದ ಬಳಿಕ ‘ಇಲ್ಲಿ’ ಎಂದು ಆರಂಭಿಸಿ ಸಂಕೇತಗಳ ಪಟ್ಟಿ ಕೊಡುವುದೂ ಇಂಗ್ಲಿಷಿನಿಂದ ಬಂದ ಕ್ರಮ. ಮೇಲೆ ನಾವೂ ಅದನ್ನೇ ಬಳಸಿದ್ದೇವೆ, ಓದುಗರಿಗೆ ಅದು ಪರಿಚಿತವೆಂಬ ಕಾರಣಕ್ಕೆ. ‘ಪಾರ ಎ, ತರಂಗಾಂತರ ಲ್ಯಾಂಬ್ಡಾ, ಆವರ್ತಕಾಲ ಇಷ್ಟು ಇರುವ ತರಂಗದಲ್ಲಿ’ ಎಂದು ವಿಶೇಷಣವಾಕ್ಯವನ್ನು ಮೊದಲೇ ಇಟ್ಟರೆ ವಿದ್ಯಾರ್ಥಿ ಸಮೀಕರಣವನ್ನು ತಲುಪುವ ಹೊತ್ತಿಗೆ ಅದರ ಅಕ್ಷರಗಳೆಲ್ಲ ಅವನಿಗೆ ಪರಿಚಿತವಾಗಿರುತ್ತವೆ.

ಋಣಚಿಹ್ನೆ ಮತ್ತು ‘ಹಿಂದೆ’

ಈಗ ಮುಖ್ಯ ತೊಡಕಿಗೆ ಬರೋಣ. ತರಂಗವು ಎಕ್ಸ್ ಹೆಚ್ಚುವ ದಿಕ್ಕಿಗೆ ಸಾಗುತ್ತಿದೆ, ಆದರೆ ಸಮೀಕರಣದಲ್ಲಿ ಇರುವುದು ಮೈನಸ್. ಮೈನಸ್ ಎಂದರೆ ಹಿಂದಕ್ಕೆ ಅಲ್ಲವೇ ಎಂಬ ಪ್ರಶ್ನೆ ಇಲ್ಲಿ ನ್ಯಾಯವಾದದ್ದು. ಪಠ್ಯಗಳು ಸಾಮಾನ್ಯವಾಗಿ ಕೊಡುವ ಉತ್ತರ: ಆವರಣದೊಳಗಿನ ಬೆಲೆ, ಅಂದರೆ ಪ್ರಾವಸ್ಥೆ, ಬದಲಾಗದೆ ಉಳಿಯಬೇಕಾದರೆ ಟಿ ಹೆಚ್ಚಿದಂತೆ ಎಕ್ಸ್ ಕೂಡ ಹೆಚ್ಚಬೇಕು. ಈ ವಿವರಣೆ ಗಣಿತದ ಮಟ್ಟಿಗೆ ಪೂರ್ಣ. ಆದರೆ ಅದು ಚಿಹ್ನೆಯನ್ನು ಸಮರ್ಥಿಸುತ್ತದೆಯೇ ಹೊರತು ಓದಿಸುವುದಿಲ್ಲ. ಕಳೆಯುವುದರ ಅರ್ಥವೇನು ಎಂಬುದು ಹಾಗೆಯೇ ಉಳಿಯುತ್ತದೆ.

ಸಮೀಕರಣವನ್ನು ಎ ಸೈನ್ ಕೆ (ಎಕ್ಸ್ − ವಿ ಟಿ) ಎಂದು ಬರೆದುಕೊಂಡರೆ ದಾರಿ ತೆರೆಯುತ್ತದೆ. ಡಾಲಂಬೇರ್ 1747ರಲ್ಲಿ ಕಂಪಿಸುವ ತಂತಿಯ ಬಗ್ಗೆ ಪ್ರಕಟಿಸಿದ ಪರಿಹಾರದ ಒಂದು ಪಕ್ಕ ಈ ರೂಪದ್ದೇ: ಯಾವ ಆಕಾರವಾದರೂ ಸರಿ, ಅದರೊಳಗೆ ಎಕ್ಸ್‌ನ ಬದಲು ಎಕ್ಸ್ ಮೈನಸ್ ವಿ ಟಿ. ಇದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು:

‘ಈಗ ಇಲ್ಲಿರುವುದು, ಟಿ ಸೆಕೆಂಡುಗಳ ಹಿಂದೆ ವಿ ಟಿ ಮೀಟರುಗಳ ಹಿಂದೆ ಇದ್ದದ್ದು.’

ಒಂದು ಲೆಕ್ಕ ತೆಗೆದುಕೊಳ್ಳೋಣ. ಪಾರ 2 ಸೆಂಟಿಮೀಟರ್, ತರಂಗಾಂತರ 4 ಮೀಟರ್, ಆವರ್ತಕಾಲ 2 ಸೆಕೆಂಡು. ಆದುದರಿಂದ ಜವ ಸೆಕೆಂಡಿಗೆ 2 ಮೀಟರ್. ಗಡಿಯಾರ 3ನೆಯ ಸೆಕೆಂಡನ್ನು ತೋರಿಸುವಾಗ 7ನೆಯ ಮೀಟರಿನಲ್ಲಿ ಏನಿದೆ? 3 ಸೆಕೆಂಡುಗಳ ಹಿಂದೆ 6 ಮೀಟರ್ ಹಿಂದೆ, ಅಂದರೆ 1ನೆಯ ಮೀಟರಿನಲ್ಲಿ, ಇದ್ದದ್ದು. 1 ಮೀಟರ್ ತರಂಗಾಂತರದ ಕಾಲು ಭಾಗ. ಮೊದಲ ಗಳಿಗೆಯಲ್ಲಿ ಅಲ್ಲಿ ಅಲೆಯ ನೆತ್ತಿ ಇತ್ತು. ಆದುದರಿಂದ ಈಗ 7ನೆಯ ಮೀಟರಿನಲ್ಲಿ ನೆತ್ತಿ ಇದೆ, ಸ್ಥಾನಪಲ್ಲಟ 2 ಸೆಂಟಿಮೀಟರ್. ಸೈನ್ ಕೋಷ್ಟಕವನ್ನು ತೆರೆಯುವ ಮೊದಲೇ ಉತ್ತರ ಬಂತು. ಋಣಚಿಹ್ನೆಯು ತರಂಗ ಹೋಗುವ ದಿಕ್ಕನ್ನು ಹೇಳುತ್ತಿಲ್ಲ. ಅದು ಎಲ್ಲಿಂದ ಬಂತೆಂದು ನಾವು ತಿರುಗಿ ನೋಡುವ ದಿಕ್ಕನ್ನು ಹೇಳುತ್ತಿದೆ.

ಈ ವಾಕ್ಯದಲ್ಲಿ ‘ಹಿಂದೆ’ ಎರಡು ಸಲ ಬಂದಿದೆ, ಎರಡು ಅರ್ಥದಲ್ಲಿ: ಒಮ್ಮೆ ಕಾಲ, ಒಮ್ಮೆ ಜಾಗ. ದೇಶವಾಚಕಗಳು ಕಾಲವಾಚಕಗಳಾಗುವುದು ಲೋಕದ ಭಾಷೆಗಳಲ್ಲೆಲ್ಲ ಕಾಣುವ ಸಂಗತಿ. ಅದರಲ್ಲಿ ಕನ್ನಡದ ಹೆಚ್ಚುಗಾರಿಕೆಯೇನಿಲ್ಲ. ಇಲ್ಲಿ ಗಮನಾರ್ಹವಾದದ್ದು ರಚನೆಯ ಏಕರೂಪತೆ. ಅಳತೆ, ಅದರ ಬೆನ್ನಿಗೆ ‘ಹಿಂದೆ’: ಸೆಕೆಂಡಿಗೂ ಇದೇ ಚೌಕಟ್ಟು, ಮೀಟರಿಗೂ ಇದೇ ಚೌಕಟ್ಟು. ಪ್ರಮಾಣಿತ ಇಂಗ್ಲಿಷ್ ಈ ಎರಡಕ್ಕೆ ಎರಡು ಬೇರೆ ಪದಗಳನ್ನು ಬಳಸುತ್ತದೆ. ‘ಹತ್ತು ವರ್ಷಗಳ ಹಿಂದೆ’ ಎನ್ನಲು ಭಾರತೀಯ ಇಂಗ್ಲಿಷಿನಲ್ಲಿ ‘ಬ್ಯಾಕ್’ ಎಂಬ ಮಾತು ಧಾರಾಳವಾಗಿ ಬರುವುದು ಈ ಅಂತರವನ್ನು ತುಂಬಿಕೊಳ್ಳಲೆಂದೇ ಇರಬಹುದೇನೋ.

ಪುಸ್ತಕಗಳಲ್ಲಿ ಈ ಸಮೀಕರಣಕ್ಕೆ ಎರಡು ರೂಪಗಳಿವೆ. ಎನ್‌ಸಿಇಆರ್‌ಟಿ ಪಠ್ಯದಲ್ಲಿ ಕೆ ಎಕ್ಸ್ ಮೊದಲು, ಒಮೆಗಾ ಟಿ ಬಳಿಕ. ಬೇರೆ ಹಲವು ಪುಸ್ತಕಗಳಲ್ಲಿ ಒಮೆಗಾ ಟಿ ಮೊದಲು. ಎರಡೂ ಒಂದೇ ದಿಕ್ಕಿಗೆ ಸಾಗುವ ತರಂಗಗಳೇ. ಚಿಹ್ನೆಯಲ್ಲಿ ಮಾತ್ರ ಒಂದು ಇನ್ನೊಂದರ ವಿಲೋಮ. ವಿದ್ಯಾರ್ಥಿಗಳು ಇವೆರಡನ್ನು ವಿರುದ್ಧ ದಿಕ್ಕಿನ ತರಂಗಗಳೆಂದು ಭಾವಿಸುವ ಸಾಧ್ಯತೆ ಬಹಳ. ಎರಡನೆಯ ರೂಪವನ್ನು ಒಮೆಗಾ (ಟಿ − ಎಕ್ಸ್/ವಿ) ಎಂದು ಬಿಡಿಸಿದರೆ ಅದು ಹೇಳುವುದಿಷ್ಟು: ಉಗಮದಿಂದ 7 ಮೀಟರ್ ದೂರದ ಕಣ ಈಗ ಮಾಡುತ್ತಿರುವುದನ್ನು ಉಗಮದ ಕಣ 3.5 ಸೆಕೆಂಡುಗಳ ಹಿಂದೆ ಮಾಡಿತ್ತು. ಮೊದಲ ರೂಪದಲ್ಲಿ ಜಾಗದಿಂದ ಕಳೆಯುತ್ತೇವೆ, ಎರಡನೆಯದರಲ್ಲಿ ಕಾಲದಿಂದ ಕಳೆಯುತ್ತೇವೆ. ಮೊದಲನೆಯದು ಜಾಗದ ‘ಹಿಂದೆ’, ಎರಡನೆಯದು ಕಾಲದ ‘ಹಿಂದೆ’. ಎರಡು ಗಣಿತರೂಪಗಳ ಸಂಬಂಧವು ಕನ್ನಡದ ಒಂದೇ ಪದದ ಎರಡು ಅರ್ಥಗಳ ಸಂಬಂಧವಾಗಿ ನಿಲ್ಲುತ್ತದೆ. ಇಷ್ಟು ಕೈಗೆಟುಕುವ ಸಾಧನವನ್ನು ನಾವು ನೋಡಿರುವ ಪಾಠಗಳು ಬಳಸಿಕೊಂಡಿಲ್ಲ. ಅನುವಾದದ ಮೂಲದಲ್ಲಿ ಅದಿಲ್ಲ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ನಮಗೆ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಎದುರು ದಿಕ್ಕಿಗೆ ಸಾಗುವ ತರಂಗಕ್ಕೆ ಎಕ್ಸ್ ಪ್ಲಸ್ ವಿ ಟಿ ಬರುತ್ತದೆ. ಅಲ್ಲಿ ‘ಹಿಂದೆ’ ಸುಳ್ಳಾಗುವುದಿಲ್ಲವೇ? ಸುಳ್ಳಾಗುವುದಿಲ್ಲ, ಆದರೆ ಎಚ್ಚರ ಬೇಕು. ಸ್ಟೀಫನ್ ಲೆವಿನ್ಸನ್ ದೇಶವಾಚಕಗಳ ಚೌಕಟ್ಟುಗಳನ್ನು ಮೂರಾಗಿ ವಿಂಗಡಿಸಿದ್ದು ಓದುಗರಿಗೆ ತಿಳಿದದ್ದೇ: ವಸ್ತುವಿನ ಸ್ವಂತ ಮುಖವನ್ನು ಆಧರಿಸಿದ್ದು, ನೋಡುವವರನ್ನು ಆಧರಿಸಿದ್ದು, ಸ್ಥಿರ ದಿಕ್ಕುಗಳನ್ನು ಆಧರಿಸಿದ್ದು. ‘ಬಸ್ಸಿನ ಹಿಂದೆ’ ಎಂದಾಗ ಬಸ್ಸು ಉತ್ತರಕ್ಕೆ ಹೋಗಲಿ ದಕ್ಷಿಣಕ್ಕೆ ಹೋಗಲಿ ಹಿಂದೆ ಹಿಂದೆಯೇ. ಅದು ಮೊದಲ ಬಗೆ. ಎಕ್ಸ್ ಅಕ್ಷದ ಧನ ಋಣಗಳು ಮೂರನೆಯ ಬಗೆ. ನಮ್ಮ ವಾಕ್ಯದ ‘ಹಿಂದೆ’ ತರಂಗದ ಸ್ವಂತ ಮುಖಕ್ಕೆ ಸಂಬಂಧಿಸಿದ್ದು. ತರಂಗದ ಮುಖ ಎಕ್ಸ್ ಹೆಚ್ಚುವ ಕಡೆಗಿದ್ದರೆ ಅದರ ಹಿಂದಿರುವುದು ಕಡಿಮೆ ಎಕ್ಸ್, ಆದುದರಿಂದ ಕಳೆಯಬೇಕು. ಮುಖ ಎಕ್ಸ್ ಕಡಿಮೆಯಾಗುವ ಕಡೆಗಿದ್ದರೆ ಹಿಂದಿರುವುದು ಹೆಚ್ಚು ಎಕ್ಸ್, ಆದುದರಿಂದ ಕೂಡಿಸಬೇಕು. ವಾಕ್ಯ ಎರಡು ಕಡೆಯೂ ಒಂದೇ. ಚಿಹ್ನೆ ಮಾತ್ರ ಬೇರೆ. ‘ಅಲೆಯ ಮುಖ ಯಾವ ಕಡೆ?’ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಚಿಹ್ನೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸಾಗುವುದು, ಓಲಾಡುವುದು

ತರಂಗದ ಪಾಠದ ಮೊದಲ ಎಚ್ಚರಿಕೆ ಯಾವಾಗಲೂ ಒಂದೇ: ತರಂಗ ಮುಂದೆ ಹೋಗುತ್ತದೆ, ಮಾಧ್ಯಮ ಹೋಗುವುದಿಲ್ಲ. ಆದರೆ ಕನ್ನಡ ಪಾಠಗಳಲ್ಲಿ ಬಹುಮಟ್ಟಿಗೆ ಎರಡಕ್ಕೂ ‘ಚಲಿಸು’ ಎಂಬ ಒಂದೇ ಕ್ರಿಯಾಪದ ಬರುತ್ತದೆ; ತರಂಗವೂ ಚಲಿಸುತ್ತದೆ, ಕಣಗಳೂ ಚಲಿಸುತ್ತವೆ. ವಾಡಿಕೆಗೆ ಮಣಿದು ನಾವೂ ಶೀರ್ಷಿಕೆಯಲ್ಲಿ ಅದನ್ನೇ ಉಳಿಸಿಕೊಂಡಿದ್ದೇವೆ. ಕನ್ನಡದ ಕ್ರಿಯಾವ್ಯವಸ್ಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಓಡು ಮತ್ತು ಓಡಾಡು, ನಡೆ ಮತ್ತು ನಡೆದಾಡು, ಹರಿ ಮತ್ತು ಹರಿದಾಡು ಎಂಬ ಜೋಡಿಗಳಲ್ಲಿ ಮೊದಲನೆಯದಕ್ಕೆ ದಿಕ್ಕಿದೆ. ‘ಆಡು’ ಸೇರಿದ ಎರಡನೆಯದು ಅತ್ತಿತ್ತ ಆಗಿ ಅಲ್ಲಲ್ಲೇ ಉಳಿಯುವ ಚಲನೆ. ತೂಗಾಡು, ಓಲಾಡು, ಹೊಯ್ದಾಡು, ಅಲುಗಾಡು ಎಂಬ ಮಾತುಗಳೂ ಇದೇ ಬಳಗದವು. ಕಣ ಓಲಾಡುತ್ತದೆ, ಅಲೆ ಸಾಗುತ್ತದೆ: ಪಾಠದ ಎಚ್ಚರಿಕೆ ಕ್ರಿಯಾಪದದೊಳಗೇ ಅಡಗಿದೆ. ಪಾರಿಭಾಷಿಕ ಪದವಾಗಲು ‘ಓಲಾಡು’ ಅಷ್ಟು ಗಂಭೀರವಾಗಿಲ್ಲ ಎನ್ನುವವರಿರಬಹುದು. ತೊಟ್ಟಿಲಿಗೂ ಲೋಲಕಕ್ಕೂ ಒಂದೇ ಕ್ರಿಯಾಪದ ಸಲ್ಲುವುದರಲ್ಲಿ ಏನು ಅಗೌರವವೋ ನಮಗೆ ತಿಳಿಯದು.

ಇಂಥದೇ ಇನ್ನೊಂದು ಭೇದವು ಸಾಗುವ ತರಂಗವನ್ನು ಸ್ಥಾಯೀ ತರಂಗದಿಂದ ಬೇರ್ಪಡಿಸುವಲ್ಲಿ ಒದಗುತ್ತದೆ. ಸಮಾನ ಪಾರದ ಎರಡು ತರಂಗಗಳು ಎದುರುಬದುರಾಗಿ ಸಾಗಿ ಸೇರಿದಾಗ ಮೊತ್ತವು 2 ಎ ಸೈನ್ (ಕೆ ಎಕ್ಸ್) ಕೊಸೈನ್ (ಒಮೆಗಾ ಟಿ) ಎಂದಾಗುತ್ತದೆ. ಎಕ್ಸ್ ಒಂದು ಆವರಣಕ್ಕೆ, ಟಿ ಇನ್ನೊಂದು ಆವರಣಕ್ಕೆ ಹೋಯಿತು. ‘ಎಲ್ಲಿ’ ಮತ್ತು ‘ಯಾವಾಗ’ಗಳು ಬೇರೆಯಾದವು. ಒಂದರಿಂದ ಇನ್ನೊಂದನ್ನು ಕಳೆಯುವ ಪ್ರಶ್ನೆ ಇಲ್ಲಿಲ್ಲ, ಆದುದರಿಂದ ‘ಹಿಂದೆ’ ಎಂಬ ಓದಿಗೂ ಎಡೆಯಿಲ್ಲ. ಈ ಅಲೆಗೆ ಮುಖವೇ ಇಲ್ಲ. ಸಾಗುವ ತರಂಗದಲ್ಲಿ ಯಾವ ಕಣವನ್ನು ನೋಡಿದರೂ ಅದರ ಸ್ಥಾನಪಲ್ಲಟ ಆಗಾಗ ಸೊನ್ನೆಯಾಗುತ್ತದೆ. ಸ್ಥಾಯೀ ತರಂಗದ ನಿಸ್ಪಂದ ಬಿಂದುವಿನಲ್ಲಿ ಅದು ಯಾವಾಗಲೂ ಸೊನ್ನೆಯಾಗಿರುತ್ತದೆ. ‘ಆಗುತ್ತದೆ’ ಮತ್ತು ‘ಆಗಿರುತ್ತದೆ’ಗಳ ನಡುವೆ ಇರುವುದು ಎಲ್ಲ ಟಿಗೂ ಸಲ್ಲುವ ಮಾತಿಗೂ ಕೆಲವು ಟಿಗೆ ಮಾತ್ರ ಸಲ್ಲುವ ಮಾತಿಗೂ ಇರುವ ವ್ಯತ್ಯಾಸ, ತರ್ಕಶಾಸ್ತ್ರವು ಅದಕ್ಕೆ ಪರಿಮಾಣಕಗಳನ್ನು ಬಳಸುತ್ತದೆ. ಎರಡು ಕಡೆಯೂ ‘ಸೊನ್ನೆ ಆಗಿದೆ’ ಎಂದು ಬರೆದ ಪ್ರಶ್ನೆಯನ್ನು ಪರೀಕ್ಷಾ ಕೊಠಡಿಯಲ್ಲಿ ಓದುವ ವಿದ್ಯಾರ್ಥಿ ಈ ವ್ಯತ್ಯಾಸವನ್ನು ಪಕ್ಕದ ಇಂಗ್ಲಿಷ್ ಅಂಕಣದಲ್ಲಿ ಹುಡುಕಬೇಕಾಗುತ್ತದೆ. ಆದರೆ ಅಲ್ಲಿಯೂ ಅದು ಕ್ರಿಯಾಪದದ ರೂಪದಲ್ಲಿ ಸಿಗುವುದಿಲ್ಲ.